ಹಾಫಿಜನ್ನ ನಾನು ಓದಿದ್ದು ರಾಜರ ಲೆಕ್ಕದಲ್ಲಿ

ಹದಿನಾಲ್ಕನೇ ಶತಮಾನದ ಪರ್ಷಿಯನ್ ಕವಿ ಹಾಫಿಜನ್ನ ಓದೋಕೆ ಕೂತವರಿಗೆ ಮೊದಲು ಕಾಟ ಕೊಡೋದು ಅವನ ದೀವಾನ್, ಅಂದ್ರೆ ಕವಿತೆಗಳ ಸಂಗ್ರಹ, ಜೋಡಿಸಿರೋ ರೀತಿ. ಸಾಲಿನ ಕೊನೇ ಅಕ್ಷರ ನೋಡ್ಕೊಂಡು ಅಲಿಫ್, ಬೇ, ತೇ ಅಂತ ಸಾಲಾಗಿ ಇಟ್ಟಿರ್ತಾರೆ, ಹಾಗಾಗಿ ಹುಡುಗ ವಯಸ್ಸಲ್ಲಿ ಬರೆದದ್ದೂ ಮುಪ್ಪಲ್ಲಿ ಬರೆದದ್ದೂ ಅಕ್ಕಪಕ್ಕ ಕೂತಿರುತ್ತೆ. ನಂಗೆ ಉರ್ದು ಬರ್ತಿತ್ತು, ಲಿಪಿ ತೊಂದ್ರೆ ಇರಲಿಲ್ಲ, ಪದಗಳೂ ಎಷ್ಟೋ ಗುರುತಿನವೇ, ಆದ್ರೂ ಇದನ್ನ ಬರೆದ ಮನುಷ್ಯ ಮಾತ್ರ ಕೈಗೆ ಸಿಗ್ತಿರಲಿಲ್ಲ.

ಅದಕ್ಕೆ ಒಂದು ನೋಟ್‌ಬುಕ್ ತಗೊಂಡು ಹಾಫಿಜನ ಊರಾದ ಇರಾನಿನ ಶೀರಾಜನ್ನ ಅವನ ಕಾಲದಲ್ಲಿ ಆಳಿದ ಒಬ್ಬೊಬ್ಬ ರಾಜನಿಗೂ ಒಂದಷ್ಟು ಪುಟ ಬಿಟ್ಟೆ. ಕಜ್ವೀನಿ-ಗನೀ ಅವರ 1941ರ ಆವೃತ್ತಿಯಲ್ಲಿ 495 ಗಜಲ್ ಇವೆ, ಅದರ ನಂಬರನ್ನೇ ಇಟ್ಕೊಂಡೆ. ಹೆಸರೋ ಸುಳಿವೋ ಸಿಕ್ಕಿದ್ದನ್ನ ಆಯಾ ರಾಜನ ಪುಟಕ್ಕೆ ಹಾಕೋದು, ಸಿಗದೇ ಇದ್ದದ್ದನ್ನ ಸುಮ್ನೆ ಬಿಡೋದು. ಬಿಟ್ಟಿದ್ದೇ ಜಾಸ್ತಿ, ಅದು ಹಾಗೇ ಇರ್ಲಿ.

ಮೊದಲು ಅಬೂ ಇಸ್ಹಾಕ್, ಕವಿಗಳನ್ನ ಕಂಡ್ರೆ ಪ್ರೀತಿ, ಮೋಜುಗಾರ. 1353ರಲ್ಲಿ ಮುಬಾರಿಜುದ್ದೀನ್ ಶೀರಾಜ್ ಕಿತ್ಕೊಂಡ, ಹೆಂಡದಂಗಡಿ ಎಲ್ಲ ಮುಚ್ಚಿಸಿದ. 'ಅಬೂ ಇಸ್ಹಾಕನ ನೀಲಿಹರಳಿನ ಉಂಗುರ ಚೆನ್ನಾಗೇ ಹೊಳೀತು, ಆದ್ರೆ ಆ ಭಾಗ್ಯಕ್ಕೆ ಬಹಳ ಅವಸರ' ಅಂತ ಹಾಫಿಜ್ ಮರುಗ್ತಾನೆ. ಇನ್ನೊಂದರಲ್ಲಿ, ಗಾಳಿ ಹೂ ಚೆಲ್ತಾ ಇದೆ ನಿಜ, ಆದ್ರೆ ವಾದ್ಯ ಬಾರಿಸ್ಕೊಂಡು ಕುಡೀಬೇಡ, ಮುಹ್ತಸಿಬ್ ಚುರುಕಾಗಿದಾನೆ ಅಂತಾನೆ. ಮುಹ್ತಸಿಬ್ ಅಂದ್ರೆ ಜನರ ನಡತೆ ಕಾಯೋ ಅಧಿಕಾರಿ, ಆದ್ರೆ ಶೀರಾಜಿನವರು ರಾಜನಿಗೇ ಆ ಅಡ್ಡಹೆಸರು ಇಟ್ಟಿದ್ರು! 1358ರಲ್ಲಿ ಮಗ ಷಾ ಶುಜಾ ಅಪ್ಪನ ಕಣ್ಣು ಕೀಳಿಸಿ ಗಾದಿ ಏರಿದ, ಆಗ 'ಇದು ಷಾ ಶುಜಾನ ಕಾಲ, ಧೈರ್ಯವಾಗಿ ಕುಡಿ' ಅಂತ ಅಶರೀರವಾಣಿ ಆಯ್ತು ಅಂತ ಹಾಫಿಜ್ ಇನ್ನೊಂದು ಗಜಲಲ್ಲಿ ಹೇಳ್ತಾನೆ. ಹಾಫಿಜನ ಗಜಲಲ್ಲಿ ಬರೋ ಹೆಂಡ ಬರೀ ಆಧ್ಯಾತ್ಮದ ಮದಿರೆ ಅಂತ ವಾದ ಮಾಡೋರು ಈ ಮೂರನ್ನೂ ಒಟ್ಟಿಗೆ ಇಟ್ಟು ಓದ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಜಾಸ್ತಿ ದಿನ ಹಿಡಿದದ್ದು ನಮ್ಮ ಕಡೆಗೆ ಸಂಬಂಧ ಇರೋ ಗಜಲ್. ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಷ್ತಾ ಹೇಳೋ ಪ್ರಕಾರ ಬಹಮನಿ ಸುಲ್ತಾನನ ಮಂತ್ರಿ ಮೀರ್ ಫಜ್ಲುಲ್ಲಾ ಇಂಜೂ ದುಡ್ಡು ಕಳಿಸಿ ಹಾಫಿಜನ್ನ ಗುಲ್ಬರ್ಗಕ್ಕೆ ಕರೆಸ್ಕೊಳ್ಳೋಕೆ ನೋಡಿದ, ಇವನು ಹುರ್ಮುಜ್ ಬಂದರಿನವರೆಗೂ ಬಂದ, ಹಡಗೂ ಹತ್ತಿದ, ಬಿರುಗಾಳಿ ಎದ್ದಿದ್ದೇ ಏನೋ ನೆಪ ಹೇಳಿ ಇಳಿದು ಒಂದು ಗಜಲ್ ಬರೆದು ಕಳಿಸಿ ಶೀರಾಜಿಗೆ ವಾಪಸ್! ಫಿರಿಷ್ತಾ ಬರೆದದ್ದು ಇನ್ನೂರು ವರ್ಷ ಆದ್ಮೇಲೆ, ಅದಕ್ಕೆ ನೋಟ್‌ಬುಕ್ಕಲ್ಲಿ ಇದನ್ನ ಪೆನ್ಸಿಲಲ್ಲಿ ಬರ್ಕೊಂಡಿದೀನಿ.

ಗಜಲ್ ಮಾತ್ರ ಗಟ್ಟಿ. ಅರ್ಥಕ್ಕೆ ಮೊದಲು ಕೈತಟ್ಟಿ ಲಯ ಹಿಡಿದೆ: ದಮೀ ಬಾ ಗಮ್ / ಬಸರ್ ಬುರ್ದನ್ / ಜಹಾಂ ಯಕ್ಸರ್ / ನಮೀ ಅರ್ಜದ್. ಲಘು-ಗುರು-ಗುರು-ಗುರು, ಅದೇ ನಾಲ್ಕು ಸಲ. ನಮ್ಮ ಛಂದಸ್ಸು ಸ್ಕೂಲಲ್ಲಿ ಕಲಿತವರಿಗೆ ಇದು ತಕ್ಷಣ ಕೂರುತ್ತೆ, ಪರ್ಷಿಯನ್ ಕವಿತೆಗಳನ್ನ ಹಾಕೋ ಗಂಜೂರ್ ಸೈಟಲ್ಲಿ ಓದಿರೋ ಆಡಿಯೋನೂ ಸಿಗುತ್ತೆ, ಅದರ ಜೊತೆ ಹೇಳ್ಕೊಂಡ್ರೆ ಎಲ್ಲಿ ಉಸಿರು ನಿಲ್ಲಿಸ್ಬೇಕು ಅಂತ ಗೊತ್ತಾಗುತ್ತೆ. ಒಂದು ಗಳಿಗೆ ಚಿಂತೆ ಮಾಡೋಕೆ ಇಡೀ ಲೋಕಾನೂ ಬಾಳಲ್ಲ ಅಂತ ಶುರು ಮಾಡಿ, ಪ್ರತಿ ದ್ವಿಪದಿ ಕೊನೇಲೂ 'ಅಷ್ಟು ಬಾಳಲ್ಲ' ಅಂತಾನೇ ಹೋಗ್ತಾನೆ. ಸುಲ್ತಾನನ ಕಿರೀಟ ಮನಸ್ಸಿಗೆ ಹಿಡಿಸೋ ಟೋಪಿನೇ, ಆದ್ರೆ ತಲೆ ಕಳ್ಕೊಳ್ಳೋಷ್ಟು ಬಾಳಲ್ಲ. ಲಾಭದ ಆಸೆಗೆ ಸಮುದ್ರ ಮೊದಲು ಸುಲಭ ಅನ್ನಿಸ್ತು, ನೂರು ಮುತ್ತು ಕೊಟ್ರೂ ಈ ಬಿರುಗಾಳಿ ಬೇಡ. ಕರೆದ ಧಣಿಗೆ ಇಷ್ಟು ನಾಜೂಕಾಗಿ ಆಗಲ್ಲ ಅಂದವನನ್ನ ನಾನು ಬೇರೆ ನೋಡಿಲ್ಲ.

ಈಗ ಷಾ ಮನ್ಸೂರನ ಪುಟ ನಡೀತಿದೆ. 1387ರಲ್ಲಿ ತೈಮೂರ್ ಶೀರಾಜಿಗೆ ಬಂದು ಹೋದ ಮೇಲಿನ ಕಾಲ, ಹಾಫಿಜ್ ತೀರಿಕೊಂಡದ್ದು 1390ರ ಸುಮಾರಿಗೆ, ಹಾಗಾಗಿ ಈ ಪುಟಕ್ಕೆ ಗಜಲ್ ಕಮ್ಮಿನೇ.