ಮಗುವಿನ ಕಣ್ಣಿಗೆ ಪೆಟ್ಟು: ಸಿಡಿದದ್ದೋ, ಚುಚ್ಚಿದ್ದೋ?

ಟಾಯ್ಲೆಟ್ ಕ್ಲೀನರ್ ಸಿಡಿದ ಮಗುವನ್ನು ಎತ್ತಿಕೊಂಡು ಜನ ನೇರ ಆಸ್ಪತ್ರೆಗೆ ಓಡುತ್ತಾರೆ. ಪೆನ್ಸಿಲ್ ಚುಚ್ಚಿಕೊಂಡ ಮಗುವನ್ನು ನಲ್ಲಿ ಕೆಳಗೆ ಹಿಡಿಯುತ್ತಾರೆ. ಮಾಡಬೇಕಾದ್ದು ಇದರ ತದ್ವಿರುದ್ಧ.

1. ಏನು ಬಿತ್ತು, ಏನು ತಗುಲಿತು ಎಂದು ಮೊದಲು ಕೇಳಿಕೊಳ್ಳಿ.

2. ಸುಣ್ಣ, ಆ್ಯಸಿಡ್, ಬಟ್ಟೆ ಸೋಪಿನ ದ್ರಾವಣ ಸಿಡಿದಿದ್ದರೆ ನಿಂತಲ್ಲೇ ತೊಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಎರಡು ಬೊಗಸೆ ನೀರು ಎರಚಿದರೆ ಸಾಲದು. ಸುಣ್ಣದಂಥ ಕ್ಷಾರವಂತೂ ಆಮ್ಲಕ್ಕಿಂತ ಕೆಟ್ಟದ್ದು, ಪದರಗಳನ್ನು ಕರಗಿಸುತ್ತಾ ಒಳಗಿಳಿಯುತ್ತಲೇ ಹೋಗುತ್ತದೆ. ಮಗುವಿನ ಕೈಕಾಲು ಸೇರಿಸಿ ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿ, ಪೆಟ್ಟಾದ ಕಣ್ಣು ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸಿ. ಮೂಗಿನ ಬದಿಯಿಂದ ಹೊರಕ್ಕೆ ನೀರು ಸಣ್ಣ ಧಾರೆಯಾಗಿ ಹರಿಯಲಿ. ಇಲ್ಲವಾದರೆ ಒಂದು ಕಣ್ಣಿನ ವಿಷ ಇನ್ನೊಂದಕ್ಕೂ ಹೋಗುತ್ತದೆ. ರೆಪ್ಪೆ ಬಿಡಿಸುವಾಗ ಬೆರಳು ಹುಬ್ಬಿನ ಮೂಳೆಯ ಮೇಲಿರಲಿ, ಗುಡ್ಡೆಯ ಮೇಲೆ ಬೇಡ. ಕನಿಷ್ಠ 20 ನಿಮಿಷ, ಗಡಿಯಾರ ನೋಡಿಕೊಂಡೇ. ಮಗು ಕಿರುಚುತ್ತದೆ, ಕಿರುಚಲಿ. ಸಲೈನ್ ಹುಡುಕುತ್ತಾ ಕೂರಬೇಡಿ, ನಲ್ಲಿ ನೀರೇ ಸಾಕು. ಕಣ್ಣು ತೊಳೆಯುವ ಪುಟ್ಟ ಕಪ್ ನನಗೆ ಸುತರಾಂ ಇಷ್ಟವಿಲ್ಲ, ಕೊಳೆ ನೀರು ಅದರಲ್ಲೇ ನಿಂತುಬಿಡುತ್ತದೆ. ಆಸ್ಪತ್ರೆಗೆ ಆಮೇಲೆ ಹೊರಡಿ, ಸಿಡಿದ ದ್ರವದ ಬಾಟಲಿಯನ್ನೂ ಒಯ್ಯಿರಿ. ರೆಪ್ಪೆ ಮಗುಚಿ ಅಡಗಿದ ಚೂರು ತೆಗೆಯುವುದು ವೈದ್ಯರ ಕೆಲಸ.

3. ಚುಚ್ಚಿದ್ದರೆ ತೊಳೆಯಬೇಡಿ, ಒತ್ತಬೇಡಿ, ಸಿಕ್ಕಿಕೊಂಡದ್ದನ್ನು ಕೀಳಬೇಡಿ. ಹತ್ತಿಯೂ ಬೇಡ. ಪೇಪರ್ ಕಪ್ಪಿನ ತಳಭಾಗವನ್ನು ಕತ್ತರಿಸಿಕೊಂಡು, ಅದರ ಅಂಚು ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಕಣ್ಣಿಗೆ ಮುಚ್ಚಿ ಟೇಪ್ ಅಂಟಿಸಿ, ನೇರ ಆಸ್ಪತ್ರೆಗೆ ಹೊರಡಿ. ಚುಚ್ಚಿದ ವಸ್ತು ಉದ್ದವಿದ್ದರೆ ಅದು ಅಲ್ಲಾಡದಂತೆ ನೋಡಿಕೊಂಡರೆ ಸಾಕು. ಸಮಾಧಾನಕ್ಕೆಂದು ಹಾಲು, ಬಿಸ್ಕತ್ತು ಕೊಡಬೇಡಿ, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾದೀತು, ಅದಕ್ಕೆ ಹೊಟ್ಟೆ ಖಾಲಿ ಇರಬೇಕು.

4. ಚೆಂಡೋ ಮೊಣಕೈಯೋ ಬಡಿದ ಮೇಲೆ ಕಪ್ಪುಗುಡ್ಡೆಯ ಮುಂದೆ ರಕ್ತ ನಿಂತಿದ್ದರೆ, ಪಾಪೆ ಒಂದು ಬದಿಗೆ ಎಳೆದಂತಿದ್ದರೆ ತಡ ಮಾಡಬೇಡಿ. ಮೋಸ ಮಾಡುವ ಪೆಟ್ಟು ಇನ್ನೊಂದಿದೆ. ಕಣ್ಣು ಬೆಳ್ಳಗೇ ಇರುತ್ತದೆ, ಆದರೆ ಮೇಲೆ ನೋಡಲು ಹೇಳಿದರೆ ಆ ಕಣ್ಣು ಏಳುವುದಿಲ್ಲ, ಮಗು ವಾಂತಿ ಮಾಡುತ್ತದೆ. ತಲೆಗೆ ಪೆಟ್ಟಾಗಿದೆ ಎಂದುಕೊಂಡು ಕಣ್ಣನ್ನು ಮರೆಯುತ್ತಾರೆ. ನಿಜಕ್ಕೂ ಕಣ್ಣಿನ ಕೆಳಗಿನ ತೆಳು ಮೂಳೆ ಬಿರಿದು ಸ್ನಾಯು ಅದರಲ್ಲಿ ಸಿಕ್ಕಿಕೊಂಡಿರಬಹುದು.

5. ಪೆಟ್ಟೇ ಇಲ್ಲದೆ ರೆಪ್ಪೆ ಊದಿ, ಜ್ವರ ಬಂದು, ಕಣ್ಣು ಹೊರಳಿಸಿದರೆ ನೋವೆಂದರೆ ಅಂದೇ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಸೋಂಕು ಕಣ್ಣಿನ ಹಿಂದಕ್ಕೆ ಹರಡಿರಬಹುದು. ಮನೆಯಲ್ಲಿ ಉಳಿದ ಹಳೆಯ ಸ್ಟೀರಾಯ್ಡ್ ಡ್ರಾಪ್ಸ್ ಹಾಕಲೇಬೇಡಿ. ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಬೆಳೆಯುತ್ತಿರುತ್ತದೆ.