ಎಲ್ ಮಿರಾದೋರ್‌ಗೆ ಐದು ದಿನ: ಕೆಸರು, ಉಣುಗು, ಚಿಕ್ಕು ಮರ

ಐದು ದಿನದ ಚಾರಣ ಅಂದ ಕೂಡಲೇ ನಾನು ಹತ್ತೋದನ್ನು ಅಭ್ಯಾಸ ಮಾಡಿದೆ. ಎರಡು ಸಲ ಕುಮಾರಪರ್ವತಕ್ಕೆ ಹೋಗಿಬಂದೆ. ದಿನಾ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಳಿದೆ. ಗ್ವಾಟೆಮಾಲಾದ ಕಾಡಿಗೆ ಕಾಲಿಟ್ಟ ಮೇಲೆ ನಗು ಬಂತು. ಅಲ್ಲಿ ಹತ್ತೋಕೆ ಗುಡ್ಡವೇ ಇಲ್ಲ! ಪೆಟೆನ್ ಕಾಡಿನ ಈ ಭಾಗ ಹೆಚ್ಚುಕಡಿಮೆ ಚಪ್ಪಟೆ. ದೂರದಲ್ಲಿ ಗುಡ್ಡ ಕಂಡರೆ ಅದು ಯಾರೋ ಕಟ್ಟಿದ್ದೇ ಇರಬೇಕು.

ಎಲ್ ಮಿರಾದೋರ್ ಮೆಕ್ಸಿಕೊ ಗಡಿಗೆ ಹತ್ತಿರ, ಮಾಯಾ ಅನ್ನೋ ಪ್ರಾಚೀನ ಜನ ಕಟ್ಟಿದ, ಈಗ ಪಾಳುಬಿದ್ದಿರುವ ನಗರ. ಎರಡು ಸಾವಿರ ವರ್ಷಕ್ಕೂ ಹಿಂದೆ ಉಚ್ಛ್ರಾಯದಲ್ಲಿತ್ತು. ಅಲ್ಲಿಗೆ ಇವತ್ತಿಗೂ ರಸ್ತೆ ಇಲ್ಲ. ದುಡ್ಡಿದ್ದವರು ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆ, ಉಳಿದವರು ನಡೆಯುತ್ತಾರೆ. ಹೋಗಿಬರಲು ಸುಮಾರು 80 ಕಿಲೋಮೀಟರ್.

ಸರೋವರದ ನಡುವಿನ ಫ್ಲೋರೆಸ್ ಊರಿಂದ ಹೊರಟು, ಮಣ್ಣು ರಸ್ತೆಯಲ್ಲಿ ಕುಲುಕಾಡಿಕೊಂಡು ಕಾರ್ಮೆಲೀತಾ ಸೇರಿದೆವು. ರಸ್ತೆ ಮುಗಿಯುವುದೇ ಅಲ್ಲಿ. ಸುತ್ತಲಿನ ಕಾಡನ್ನು ನೋಡಿಕೊಳ್ಳುವ ಹಕ್ಕು ಈ ಹಳ್ಳಿಯ ಸಹಕಾರ ಸಂಘಕ್ಕಿದೆ. ಚಾರಣ ನಡೆಸುವವರೂ ಅವರೇ. ನಾವು ನಾಲ್ಕು ಜನ. ಜೊತೆಗೆ ಒಬ್ಬ ಗೈಡ್, ಅಡುಗೆಗೆ ಒಬ್ಬರು, ಹೇಸರಗತ್ತೆ ಹೊಡೆಯುವವನೊಬ್ಬ. ಟೆಂಟು, ಅಕ್ಕಿ, ಕುಡಿಯುವ ನೀರು ಎಲ್ಲ ಕತ್ತೆಗಳ ಬೆನ್ನ ಮೇಲೆ. ನಮ್ಮ ಬೆನ್ನಿಗೆ ಸಣ್ಣ ಚೀಲ ಅಷ್ಟೇ. ನಾನು ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದೆ. ಐದು ದಿನವೂ ಕಪ್ಪು ಹುರುಳಿಕಾಯಿ ಬೀಜದ ಪಲ್ಯ ಮತ್ತು ಟೊರ್ಟಿಯಾ. ಎರಡನೇ ದಿನದಿಂದ ಉಪ್ಪಿನಕಾಯಿ ಪೊಟ್ಟಣ ನನ್ನ ಕೈ ಹಿಡಿಯಿತು.

ನಾನು ಆರಿಸಿದ್ದು ಮಾರ್ಚ್, ಒಣ ಕಾಲ. ಮಳೆಗಾಲದಲ್ಲಿ ಮೊಣಕಾಲವರೆಗೆ ಕೆಸರಂತೆ. ಆದರೆ ಒಣಗಿದ ಕೆಸರು ಸುಲಭ ಅಂದುಕೊಳ್ಳಬೇಡಿ. ತಗ್ಗು ಜಾಗಗಳಿಗೆ ಅಲ್ಲಿ ‘ಬಾಹೊ’ ಅಂತಾರೆ. ಕತ್ತೆಗಳು ಹಸಿ ಕೆಸರಲ್ಲಿ ನಡೆದ ಗೊರಸಿನ ಗುಂಡಿಗಳು ಹಾಗೇ ಕಲ್ಲಾಗಿರುತ್ತವೆ. ಗಂಟೆಗಟ್ಟಲೆ ಅದರ ಮೇಲೆ ನಡೆದರೆ ಪ್ರತಿ ಹೆಜ್ಜೆಗೂ ಪಾದ ಒಂದೊಂದು ಕಡೆ ವಾಲುತ್ತದೆ. ನನ್ನ ಮೆಟ್ಟಿಲು ಅಭ್ಯಾಸ ಇದಕ್ಕೆ ಏನೇನೂ ಉಪಯೋಗಕ್ಕೆ ಬರಲಿಲ್ಲ. ಉಳುಮೆ ಮಾಡಿದ ಗದ್ದೆಯಲ್ಲಿ ನಡೆದಿದ್ದರೆ ಬರುತ್ತಿತ್ತೇನೋ. ಶೂ ಬೇರೆ ಅರ್ಧ ಸೈಜ್ ಚಿಕ್ಕದು. ಅಂಗಡಿಯಲ್ಲಿ ಬಿಗಿಯಾಗಿದ್ದರೆ ಒಳ್ಳೆಯದು ಅಂದುಕೊಂಡಿದ್ದೆ, ದಡ್ಡತನ. ಕಾಲು ಊದಿಕೊಳ್ಳುತ್ತದೆ ಅನ್ನೋದು ತಲೆಗೇ ಬಂದಿರಲಿಲ್ಲ.

ಮಧ್ಯಾಹ್ನ ಗೈಡ್ ಒಂದು ಮರ ತೋರಿಸಿದ. ಕಾಂಡದ ತುಂಬ ಓರೆಯಾಗಿ ಕತ್ತಿಯಿಂದ ಕೊರೆದ ಹಳೇ ಗೀರುಗಳು. ಎಲೆ ನೋಡಿದೆ, ಗುರುತು ಹತ್ತಿತು. ನಮ್ಮ ಹಿತ್ತಲಿನ ಚಿಕ್ಕು ಮರ! ಇಲ್ಲಿ ಅದು ಮುಗಿಲು ಮುಟ್ಟುವ ಕಾಡುಮರ ಅಷ್ಟೇ. ಚಿಕ್ಕು, ಸಪೋಟ ಎರಡೂ ಹೆಸರು ನಮಗೆ ಬಂದಿರುವುದು ಆ ಕಡೆಯಿಂದಲೇ. ಇದರ ಹಾಲು ಇಳಿಸಿ, ಕಾಯಿಸಿ, ಗಟ್ಟಿ ಮಾಡಿದರೆ ಚಿಕ್ಲೆ. ಚೂಯಿಂಗ್ ಗಮ್ ಮೊದಲು ಆಗುತ್ತಿದ್ದದ್ದು ಇದರಿಂದ. ಕಾರ್ಮೆಲೀತಾ ಹುಟ್ಟಿದ್ದೇ ಚಿಕ್ಲೆ ತೆಗೆಯುವವರ ಬಿಡಾರವಾಗಿ. ಪಾಳುಬಿದ್ದ ನಗರಗಳ ದಾರಿ ಇವರಿಗೆ ಗೊತ್ತಿದ್ದದ್ದು ಈ ಮರ ಹುಡುಕಿಕೊಂಡು ಅಲೆದದ್ದರಿಂದ.

ಇನ್ನು ಉಣುಗು. ನಾನು ಸೊರಬದವನು. 1957ರಲ್ಲಿ ಮಂಗನ ಕಾಯಿಲೆ ಮೊದಲು ಕಂಡದ್ದು ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಮತ್ತು ಉಣುಗು ಒಂದೇ ಕಡೆ ಇದ್ದರೆ ಓಡಬೇಕು ಅಂತ ಕಲಿತು ಬೆಳೆದವನು, ಇಲ್ಲಿ ಮರದ ಮೇಲಿಂದ ಸ್ಪೈಡರ್ ಮಂಗಗಳು ರೆಂಬೆ ಮುರಿದು ಎಸೆಯುತ್ತಿದ್ದರೆ ಕೆಳಗೆ ನಿಂತು ಪ್ಯಾಂಟಿನಿಂದ ಉಣುಗು ಬಿಡಿಸುತ್ತಿದ್ದೆ. ಆ ವೈರಸ್ ಇಲ್ಲಿಲ್ಲ, ಗೊತ್ತು. ಮನಸ್ಸು ಕೇಳಬೇಕಲ್ಲ! ಬಟ್ಟೆಗೆ ಮನೆಯಲ್ಲೇ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಸಿಂಪಡಿಸಿ ಒಣಗಿಸಿಕೊಂಡಿದ್ದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿದ್ದೆ. ಆದರೂ ಸಂಜೆ ಸೊಂಟದ ಪಟ್ಟಿಯಲ್ಲಿ ಹನ್ನೊಂದು ಸಿಕ್ಕವು. ನಮ್ಮ ಇಂಬಳ ಎಷ್ಟೋ ಮರ್ಯಾದಸ್ಥ, ರಕ್ತ ಕುಡಿದು ಬಿದ್ದು ಹೋಗುತ್ತದೆ.

ಮೊದಲ ರಾತ್ರಿ ದಾರಿಯಲ್ಲಿ ಸಿಗುವ ಇನ್ನೊಂದು ಮಾಯಾ ನಗರ ಎಲ್ ತಿಂತಾಲ್‌ನಲ್ಲಿ. ಅಲ್ಲಿನ ಪಿರಮಿಡ್ ಹತ್ತಿದಾಗ ಗೈಡ್ ಉತ್ತರದ ಅಂಚಿನಲ್ಲೊಂದು ಸಣ್ಣ ಉಬ್ಬು ತೋರಿಸಿ, ನಾಳೆ ಅಲ್ಲಿಗೆ, ಅಂದ. ಅದೇ ಲಾ ದಾಂತಾ, ಎಲ್ ಮಿರಾದೋರ್ ನಗರದ ದೊಡ್ಡ ಪಿರಮಿಡ್.

ಎರಡನೇ ದಿನ ಕೆಲವು ಕಡೆ ನೆಲ ಸ್ವಲ್ಪ ಎತ್ತರವಾಗಿ, ನೇರವಾಗಿ ಸಾಗಿತ್ತು. ಅದು ಮಾಯಾ ಜನ ಕಟ್ಟಿದ ರಸ್ತೆ. ‘ಸಕ್ಬೆ’ ಅಂದರೆ ಬಿಳಿ ದಾರಿ. ಕೆಸರಿನ ಮೇಲೆ ಕಲ್ಲು ತುಂಬಿ, ಸುಣ್ಣದ ಗಾರೆ ಮೆತ್ತಿ, ನಗರದಿಂದ ನಗರಕ್ಕೆ ಎಳೆದದ್ದು. ಈಗ ಮೇಲೆಲ್ಲ ಬೇರು. ಇಲ್ಲಿ ಬಹಳ ವರ್ಷ ಅಗೆದ ರಿಚರ್ಡ್ ಹ್ಯಾನ್ಸನ್ ಅವರ ವಾದ ಗೈಡ್ ಹೇಳಿದ: ಅಷ್ಟು ಸುಣ್ಣ ಸುಡಲು ಲೆಕ್ಕವಿಲ್ಲದಷ್ಟು ಮರ ಕಡಿದರು, ಬೋಳಾದ ನೆಲದ ಜೇಡಿ ತೊಳೆದುಕೊಂಡು ಹೋಗಿ ತಗ್ಗುಗಳನ್ನು ತುಂಬಿತು, ನಗರಕ್ಕೆ ಬದುಕು ಕಷ್ಟವಾಯಿತು. ನಿನ್ನೆ ಇಡೀ ದಿನ ಬೈದುಕೊಂಡ ಕೆಸರಿನಲ್ಲಿ ಆ ಜೇಡಿಯೂ ಇತ್ತು ಅಂತಾಯಿತು.

ಲಾ ದಾಂತಾ ಎದುರು ನಿಂತರೂ ಕಾಣುವುದಿಲ್ಲ. ಕಾಡು ಮುಚ್ಚಿದೆ. ಒಂದು ಜಗತಿ ಹತ್ತುತ್ತೀರಿ, ಮತ್ತೆ ಸಮನೆಲ, ಮತ್ತೊಂದು ಜಗತಿ. ಕೊನೆಗೆ ಮರದ ಮೆಟ್ಟಿಲು. ಅಂತೂ ನನ್ನ ಅಭ್ಯಾಸಕ್ಕೆ ಕೆಲಸ ಸಿಕ್ಕಿತು! ನೆಲದಿಂದ ತುದಿಗೆ 72 ಮೀಟರ್. ಮೇಲೆ ಬಂದರೆ ಸುತ್ತ ಬರೀ ಹಸಿರು. ತಿಂತಾಲ್ ಎಲ್ಲಿ ಅಂತ ಹುಡುಕಿದೆ. ದಕ್ಷಿಣದಲ್ಲಿ ಗುಳ್ಳೆಯಷ್ಟು. ಇಡೀ ದಿನ ನಡೆದದ್ದು ಒಂದು ನೋಟದಷ್ಟೇ ದೂರ. ಯಾರೂ ಮಾತಾಡಲಿಲ್ಲ. ದೂರದಲ್ಲಿ ಹೌಲರ್ ಮಂಗಗಳು ಹುಲಿಯ ಹಾಗೆ ಗರ್ಜಿಸುತ್ತಿದ್ದವು.

ಮೂರನೇ ದಿನ ನಗರ ಸುತ್ತಿದೆವು. ತಗಡಿನ ಸೂರಿನ ಕೆಳಗೆ 2009ರಲ್ಲಿ ಸಿಕ್ಕ ಗಾರೆ ಶಿಲ್ಪವಿದೆ, ಈಜುತ್ತಿರುವ ಇಬ್ಬರದು. ಚೆನ್ನಾಗಿದೆ, ಆದರೆ ನನ್ನ ಗಮನ ಹೆಬ್ಬೆರಳಿನ ಮೇಲಿತ್ತು.

ವಾಪಸು ಬರುವಾಗ ಶೂ ಮುಂಭಾಗವನ್ನು ಚಾಕುವಿನಿಂದ ಕತ್ತರಿಸಿಬಿಟ್ಟೆ. ಮೊದಲ ದಿನವೇ ಮಾಡಬೇಕಿತ್ತು. ಊರಿಗೆ ಫೋನ್ ಮಾಡಿ ಉಣುಗಿನ ಸುದ್ದಿ ಹೇಳಿದ್ದು ಇನ್ನೊಂದು ತಪ್ಪು. ಎರಡು ವಾರ ಅಮ್ಮ ದಿನಾ ಬೆಳಿಗ್ಗೆ ಜ್ವರ ಬಂತಾ ಅಂತ ಕೇಳುತ್ತಿದ್ದರು. ಜ್ವರ ಬರಲಿಲ್ಲ. ಉಗುರು ಎರಡು ಹೋದವು.