ಹೋಮ್ ಥಿಯೇಟರ್ ರಿಸೀವರ್: ಮೈಕ್ ಅಳೆದ ಮೇಲೆ ಕೈಯಿಂದ ತಿದ್ದಿದ್ದು

ಟಿವಿ, ಪ್ಲೇಯರುಗಳ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆಯೇ ರಿಸೀವರ್. ಅದನ್ನು ಕೊಂಡಾಗ ಜೊತೆಗೊಂದು ಪುಟ್ಟ ಮೈಕ್ ಬರುತ್ತದೆ. ಮೈಕನ್ನು ಚುಚ್ಚಿ, ಸ್ಪೀಕರುಗಳ ಸದ್ದನ್ನು ಅಳೆಯಲು ಬಿಟ್ಟು, ಮುಗಿಯಿತು ಎಂದು ಟಿವಿಯ ಮೇಲೆ ಬಂದೊಡನೆ ರಿಮೋಟ್ ಕೆಳಗಿಡುವವರೇ ಹೆಚ್ಚು. ಮಾತು ಕೇಳಿಸುವುದಿಲ್ಲ, ಬಾಸ್ ಮಾತ್ರ ಗುಡುಗುತ್ತದೆ ಎಂಬ ದೂರು ಶುರುವಾಗುವುದು ಅಲ್ಲಿಂದಲೇ. ಮೈಕ್ ಬರೆದಿಟ್ಟ ಲೆಕ್ಕದಲ್ಲಿ ಕೆಲವನ್ನು ಮುಟ್ಟಬಾರದು, ಕೆಲವನ್ನು ತಿದ್ದದೆ ಬಿಡಬಾರದು. ಯಾವುದನ್ನು, ಏಕೆ ಎಂಬುದನ್ನು ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಸಿಮೆಂಟ್ ಗಾರೆ. ರಿಸೀವರ್ ಡೆನಾನ್ ಎವಿಆರ್-ಎಕ್ಸ್1700ಎಚ್. ಮುಂದೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಟಿವಿಯ ಕೆಳಗೆ ಸೆಂಟರ್, ಸೋಫಾದ ಪಕ್ಕಕ್ಕೆ ಸ್ವಲ್ಪ ಹಿಂದೆ ಎರಡು ಸರೌಂಡ್, ಬಾಸಿಗೆಂದೇ ಒಂದು ಸಬ್‌ವೂಫರ್; ಅಂದರೆ 5.1. ಯಮಹಾ, ಒಂಕ್ಯೊ, ಸೋನಿಗಳಲ್ಲಿ ಮೆನುವಿನ ಹೆಸರು ಬೇರೆ ಇರಬಹುದು, ಮಾಡುವ ಕೆಲಸ ಇದೇ.

ವಿದೇಶದಿಂದ ರಿಸೀವರ್ ತರಿಸಿದವರು ಮೊದಲು ಹಿಂಬದಿಯ ಚೀಟಿ ಓದಬೇಕು. ಅಮೆರಿಕದ ಮಾದರಿಯಲ್ಲಿ 120 ವೋಲ್ಟ್, 60 ಹರ್ಟ್ಜ್ ಎಂದಿರುತ್ತದೆ. ಅದನ್ನು ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಪವರ್ ಸಪ್ಲೈ ಆ ಕ್ಷಣವೇ ಸುಟ್ಟುಹೋಗುತ್ತದೆ. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಬೇಕಾದದ್ದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್.

ವೈರಿನ ಮಾತು. ಸ್ಪೀಕರಿಗೆ 1.5 ಚದರ ಮಿಲಿಮೀಟರ್ ದಪ್ಪದ, ಹಲವು ಎಳೆಗಳ ತಾಮ್ರದ ವೈರ್ ಸಾಕು. ಸರೌಂಡ್ ವೈರ್ ಗೋಡೆ ಸುತ್ತಿ ಬಂದು 15 ಮೀಟರ್ ದಾಟುವುದಾದರೆ 2.5 ತಗೊಳ್ಳಿ. ಅಗ್ಗದ 'ಸ್ಪೀಕರ್ ವೈರ್' ಎಷ್ಟೋ ಸಲ ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ್ದಾಗಿರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ತುದಿಯನ್ನು 10 ಮಿಲಿಮೀಟರ್ ಮಾತ್ರ ಸುಲಿದು ಬಿಗಿಯಾಗಿ ಹೊಸೆಯಬೇಕು. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್. ರಿಸೀವರ್ ತನ್ನನ್ನು ತಾನೇ ಆರಿಸಿಕೊಂಡು ಕೆಂಪು ದೀಪ ಮಿಟುಕಿಸಿದರೆ ಮೆಷಿನ್ ಕೆಟ್ಟಿತು ಎಂದು ಗಾಬರಿಯಾಗುವ ಮೊದಲು ಹಿಂಬದಿಯ ಹತ್ತೂ ತಿರುಪುಗಳನ್ನು ನೋಡಿ. ಈ ಕೆಲಸವೆಲ್ಲ ಪ್ಲಗ್ ಕಿತ್ತ ಮೇಲೆಯೇ.

ಪ್ಲಸ್ ಮೈನಸ್ ಅದಲುಬದಲಾದರೆ ಸ್ಪೀಕರ್ ಕೆಡುವುದಿಲ್ಲ, ಸದ್ದು ಕೆಡುತ್ತದೆ: ಮಾತು ನಡುವೆ ನಿಲ್ಲದೆ ಎಲ್ಲೆಲ್ಲಿಂದಲೋ ಬಂದಂತಾಗುತ್ತದೆ, ಬಾಸ್ ಸೊರಗುತ್ತದೆ. ಅನುಮಾನವಿದ್ದರೆ ವೈರನ್ನು ರಿಸೀವರಿನಿಂದ ಬಿಚ್ಚಿ, ಆ ತುದಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್ಸಿಗೆ ಹೋಗಿದ್ದರೆ ವೂಫರ್ ಹೊರಕ್ಕೆ ಜಿಗಿಯುತ್ತದೆ. ಅಳೆಯುವಾಗ ಯಾವುದಾದರೂ ಸ್ಪೀಕರಿನ ಫೇಸ್ ತಪ್ಪು ಎಂದು ರಿಸೀವರ್ ಹೇಳಿದರೆ ಈ ಪರೀಕ್ಷೆ ಮಾಡಿ. ವೈರ್ ಸರಿಯಿದ್ದರೆ ಎಚ್ಚರಿಕೆಯನ್ನು ಬಿಟ್ಟು ಮುಂದೆ ಹೋಗಬಹುದು. ಹತ್ತಿರದ ಗೋಡೆಯಿಂದ ಮರಳುವ ಸದ್ದು ಮೈಕನ್ನು ಹಾಗೆ ಏಮಾರಿಸುವುದುಂಟು.

ಕೂರುವ ಜಾಗದಿಂದ ನೋಡಿದರೆ ಮುಂದಿನ ಎರಡು ಸ್ಪೀಕರ್ ನಡುಗೆರೆಯಿಂದ 22ರಿಂದ 30 ಡಿಗ್ರಿ, ಸರೌಂಡ್ 110ರಿಂದ 120 ಡಿಗ್ರಿ ಇರಬೇಕು. ಸೆಂಟರ್ ಟಿವಿ ಸ್ಟ್ಯಾಂಡಿನೊಳಗೆ ಹಿಂದೆ ಸರಿದು ಕೂತರೆ ಮಾತು ಡಬ್ಬಿಯೊಳಗಿಂದ ಬಂದಂತಿರುತ್ತದೆ. ಅದನ್ನು ಸ್ಟ್ಯಾಂಡಿನ ಅಂಚಿನವರೆಗೆ ಎಳೆದು, ಮುಂಭಾಗದಡಿ ಒಂದು ರಬ್ಬರ್ ಬಿರಡೆ ಇಟ್ಟು ಕಿವಿಯ ಕಡೆಗೆ ವಾಲಿಸಿದೆ. ಮಾತಿನ ಸ್ಪಷ್ಟತೆಗೆ ಇಷ್ಟು ಸಹಾಯ ಮಾಡಿದ ಸೆಟ್ಟಿಂಗ್ ಮೆನುವಿನಲ್ಲಿ ಒಂದೂ ಇಲ್ಲ. ಸೋಫಾಕ್ಕೂ ಟಿವಿಗೂ ನಡುವೆ ದಪ್ಪ ಜಮಖಾನ ಹಾಸಿದರೆ ಟೈಲ್ಸಿನಿಂದ ಪುಟಿಯುವ ತೀಕ್ಷ್ಣ ಸದ್ದೂ ತಗ್ಗುತ್ತದೆ. ಬಾಸಿಗೆ ಜಮಖಾನದಿಂದ ಏನೂ ಆಗದು.

ಬಾಸಿನ ಸಮಸ್ಯೆ ಕೋಣೆಯ ಅಳತೆಯದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 14 ಅಡಿಯ ಎರಡು ಗೋಡೆಗಳ ನಡುವೆ ಸುಮಾರು 40 ಹರ್ಟ್ಜ್, 10 ಅಡಿಯ ನಡುವೆ ಸುಮಾರು 56 ಹರ್ಟ್ಜ್ ಅಲೆಗಳು ನಿಂತುಬಿಡುತ್ತವೆ. ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಈ ಎರಡೂ ಪೂರ್ತಿ ಕೆರಳುತ್ತವೆ. ಜಾಗ ಹುಡುಕುವುದು ಹೀಗೆ: ಸಬ್‌ವೂಫರನ್ನೇ ಸೋಫಾದ ಮೇಲೆ, ನೀವು ಕೂರುವಲ್ಲಿ ಇಟ್ಟು, ಬಾಸ್ ತುಂಬಿದ ಹಾಡು ಹಾಕಿ, ಗೋಡೆಯ ಬದಿಯಲ್ಲಿ ಕಿವಿ ನೆಲಮಟ್ಟಕ್ಕೆ ತಂದು ಮಂಡಿಯೂರಿ ಸುತ್ತಿ. ಪ್ರತಿ ಸ್ವರವೂ ಬೇರೆಬೇರೆಯಾಗಿ, ಸಮವಾಗಿ ಕೇಳುವ ಜಾಗವೇ ಅದರ ಜಾಗ. ಇಲ್ಲಿ ಅದು ಮುಂದಿನ ಗೋಡೆಯಲ್ಲಿ, ಬಲ ಮೂಲೆಯಿಂದ ಮೂರು ಅಡಿ ಈಚೆ ಸಿಕ್ಕಿತು.

ಇನ್ನು ಸಬ್‌ವೂಫರಿನ ಹಿಂಬದಿಯ ತಿರುಪುಗಳು. ಕ್ರಾಸ್‌ಓವರ್ (ಬಾಸನ್ನು ಬೇರ್ಪಡಿಸುವ ಗಡಿ) ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಥವಾ ಎಲ್‌ಎಫ್‌ಇ (ಸಿನಿಮಾದಲ್ಲಿ ಬಾಸಿಗೆಂದೇ ಇರುವ ಚಾನೆಲ್) ಎಂಬ ಸ್ಥಾನವಿದ್ದರೆ ಅಲ್ಲಿಗೆ ಹಾಕಿ. ಬಾಸ್ ಬೇರ್ಪಡಿಸುವ ಕೆಲಸ ರಿಸೀವರಿನದು, ಎರಡು ಕಡೆ ಜರಡಿ ಹಿಡಿದರೆ ನಡುವೆ ತಗ್ಗು ಬೀಳುತ್ತದೆ. ಫೇಸ್ 0. ಅಳೆಯುವಾಗ ಆಟೊ ಸ್ಟ್ಯಾಂಡ್‌ಬೈ ಬೇಡ, ಸದಾ ಆನ್ ಇರಲಿ. ವಾಲ್ಯೂಮ್ ಅರ್ಧಕ್ಕಿಂತ ತುಸು ಕೆಳಗೆ.

ಮೈಕ್ ಚುಚ್ಚುವ ಮೊದಲು ಸ್ಪೀಕರ್ಸ್ ಮೆನುವಿನಲ್ಲಿ ಆಂಪ್ ಅಸೈನ್ ನೋಡಬೇಕು. ಈ ರಿಸೀವರಿನಲ್ಲಿ ಏಳು ಆಂಪ್ಲಿಫೈಯರ್ ಇವೆ. ಐದು ಸ್ಪೀಕರಿಗೆ ಕೊಟ್ಟ ಮೇಲೆ ಉಳಿದ ಎರಡು ಸರೌಂಡ್ ಬ್ಯಾಕಿಗೋ, ಹೈಟಿಗೋ, ಇನ್ನೊಂದು ಕೋಣೆಗೋ ಎಂದು ಇಲ್ಲೇ ಹೇಳುವುದು. ಮುಂದೆ ಹೈಟ್ ಸ್ಪೀಕರ್ ಸೇರಿಸಿದರೆ ಇದನ್ನು ಬದಲಿಸಿ ಮತ್ತೆ ಮೊದಲಿನಿಂದ ಅಳೆಯಬೇಕು.

ಅಳೆಯುವುದು 15 ನಿಮಿಷದ ಕೆಲಸ, ಆದರೆ ಮನೆ ನಿಶ್ಶಬ್ದವಾಗಿರಬೇಕು. ಫ್ಯಾನ್, ಎಸಿ ಆರಿಸಿ. ಒಲೆಯ ಮೇಲೆ ಕುಕ್ಕರ್ ಇರುವ ಹೊತ್ತು ಬೇಡ. ಮೈಕನ್ನು ಸೋಫಾದ ಬೆನ್ನಿನ ಮೇಲಿಡುವುದು, ಕೈಯಲ್ಲಿ ಹಿಡಿಯುವುದು ಎರಡೂ ತಪ್ಪು. ಕ್ಯಾಮೆರಾ ಟ್ರೈಪಾಡಿಗೆ ಸಿಕ್ಕಿಸಿ, ತುದಿ ಸೂರಿನ ಕಡೆ, ಕಿವಿಯ ಎತ್ತರಕ್ಕೆ ನಿಲ್ಲಿಸಿ. ಮೊದಲ ಸ್ಥಾನ ನಿಮ್ಮ ತಲೆ ಇರುವ ಜಾಗವೇ ಆಗಿರಬೇಕು, ಏಕೆಂದರೆ ದೂರ ಮತ್ತು ಮಟ್ಟದ ಲೆಕ್ಕಕ್ಕೆ ಅದೇ ಆಧಾರ. ಒಟ್ಟು ಎಂಟು ಸ್ಥಾನಗಳಲ್ಲಿ ಉಳಿದ ಏಳನ್ನು ಅದರ ಸುತ್ತ 60 ಸೆಂಟಿಮೀಟರ್ ಒಳಗೇ ತೆಗೆದುಕೊಂಡೆ. ಕೋಣೆಯ ಮೂಲೆ, ಬಾಗಿಲ ಬಳಿ ಮೈಕ್ ಒಯ್ದರೆ ಯಾರೂ ಕೂರದ ಜಾಗಕ್ಕಾಗಿ ಸದ್ದು ತಿದ್ದಿಸಿಕೊಂಡಂತೆ. ಆರಂಭದಲ್ಲಿ ಸಬ್‌ವೂಫರಿನ ಮಟ್ಟ ತೋರಿಸುವ ತೆರೆ ಬರುತ್ತದೆ. 72ರಿಂದ 78 ಡೆಸಿಬಲ್ ಒಳಗೆ, ಆದಷ್ಟು 75ಕ್ಕೆ, ಸಬ್‌ವೂಫರಿನ ತಿರುಪಿನಿಂದಲೇ ತನ್ನಿ.

ಮುಗಿದ ಮೇಲೆ ಮ್ಯಾನ್ಯುವಲ್ ಸೆಟಪ್ ತೆರೆಯಿರಿ. ಡಿಸ್ಟೆನ್ಸಸ್‌ನಲ್ಲಿ ಐದು ಸ್ಪೀಕರುಗಳ ದೂರ ಟೇಪ್ ಹಿಡಿದಂತೆ ಸರಿಯಾಗಿರುತ್ತದೆ. ಸಬ್‌ವೂಫರ್ ಮಾತ್ರ ಎರಡೂವರೆ ಮೀಟರಿನಲ್ಲಿದ್ದರೂ ನಾಲ್ಕೂವರೆ ಎಂದು ತೋರಿಸೀತು. ಇದನ್ನು 'ಸರಿಪಡಿಸ'ಬೇಡಿ. ಸಬ್‌ವೂಫರಿನೊಳಗಿನ ಸರ್ಕ್ಯೂಟ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತದೆ. ಒಂದು ಮಿಲಿಸೆಕೆಂಡಿಗೆ ಶಬ್ದ 34 ಸೆಂಟಿಮೀಟರ್ ಸಾಗುವುದರಿಂದ ಆ ತಡವನ್ನು ರಿಸೀವರ್ ದೂರವಾಗಿ ಬರೆದುಕೊಂಡಿದೆ. ಟೇಪಿನ ಅಳತೆ ತುಂಬಿದರೆ ಬಾಸ್ ತಡವಾಗಿ ಬಂದು, ಮುಂದಿನ ಸ್ಪೀಕರುಗಳೊಂದಿಗೆ ಕಾದಾಡಿ 80 ಹರ್ಟ್ಜ್ ಸುತ್ತ ಟೊಳ್ಳಾಗುತ್ತದೆ.

ತಿದ್ದಬೇಕಾದದ್ದು ಸ್ಪೀಕರ್ ಕಾನ್ಫಿಗ್ ಮತ್ತು ಕ್ರಾಸ್‌ಓವರ್. ಗೋಡೆಗೆ ಹತ್ತಿರವಿರುವ ಬುಕ್‌ಶೆಲ್ಫ್ ಸ್ಪೀಕರಿಗೆ ಗೋಡೆಯಿಂದಲೇ ಬಾಸ್ ಸೇರುತ್ತದೆ. ಅದನ್ನು ಅಳೆದು ರಿಸೀವರ್ ಮುಂದಿನ ಜೋಡಿಯನ್ನು ಲಾರ್ಜ್ ಎಂದೋ, ಕ್ರಾಸ್‌ಓವರ್ 40 ಹರ್ಟ್ಜ್ ಎಂದೋ ಬರೆದಿರುತ್ತದೆ. ಅಳತೆ ಸುಳ್ಳಲ್ಲ, ಆದರೆ ಐದಿಂಚಿನ ವೂಫರಿಗೆ 40 ಹರ್ಟ್ಜಿನ ಸ್ಫೋಟವನ್ನು ಜೋರು ವಾಲ್ಯೂಮಿನಲ್ಲಿ ಹೊರುವ ಶಕ್ತಿ ಇಲ್ಲ. ಎಲ್ಲವನ್ನೂ ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಜಿಗೆ ಏರಿಸಿ. ಸ್ಮಾಲ್ ಎಂಬುದು ಸ್ಪೀಕರಿನ ಗಾತ್ರದ ಮಾತಲ್ಲ, 'ಬಾಸನ್ನು ಸಬ್‌ವೂಫರಿಗೆ ಕಳುಹಿಸು' ಎಂಬ ಆಜ್ಞೆ ಅಷ್ಟೇ. ಭಾರ ಇಳಿದ ವೂಫರಿನಿಂದ ಮಾತೂ ಹಸನಾಗಿ ಬರುತ್ತದೆ. ಏರಿಸಬಹುದು, ಇಳಿಸಬಾರದು: ಚಿಕ್ಕ ಸರೌಂಡಿಗೆ 120 ಎಂದಿದ್ದರೆ ಹಾಗೇ ಬಿಡಿ. ಅದರ ಕೆಳಗೆ ಆ ಸ್ಪೀಕರಿನಿಂದ ಸದ್ದೇ ಸಾಲದು ಎಂದು ಮೈಕ್ ಕಂಡುಕೊಂಡಿದೆ, ಆ ಭಾಗವನ್ನು ತಿದ್ದಿಯೂ ಇಲ್ಲ.

ಬಾಸ್ ಮೆನುವಿನಲ್ಲಿ ಸಬ್‌ವೂಫರ್ ಮೋಡ್ 'ಎಲ್‌ಎಫ್‌ಇ' ಇರಲಿ, 'ಎಲ್‌ಎಫ್‌ಇ+ಮೇನ್' ಬೇಡ. ಅದು ಲಾರ್ಜ್ ಸ್ಪೀಕರಿನ ಬಾಸನ್ನು ಎರಡೆರಡು ಕಡೆಯಿಂದ ನುಡಿಸುತ್ತದೆ. ಎಲ್‌ಎಫ್‌ಇಯ ಲೋ ಪಾಸ್ (ಅದಕ್ಕಿಂತ ಮೇಲಿನ ಸದ್ದನ್ನು ತಡೆಯುವ ಗಡಿ) 120 ಹರ್ಟ್ಜ್. ಇದನ್ನೂ 80ಕ್ಕೆ ತಂದರೆ ಸಿನಿಮಾದವರು ಆ ಚಾನೆಲ್ಲಿನಲ್ಲಿ ಇಟ್ಟದ್ದರ ಮೇಲ್ಭಾಗ ಕತ್ತರಿಸಿಹೋಗುತ್ತದೆ. ಕ್ರಾಸ್‌ಓವರ್ ಬೇರೆ, ಇದು ಬೇರೆ.

ಲೆವೆಲ್ಸ್‌ನಲ್ಲಿ ಸಬ್‌ವೂಫರ್ −12 ಎಂದಿದ್ದರೆ ಸಬ್‌ವೂಫರಿನ ತಿರುಪು ಹೆಚ್ಚಿತ್ತು ಎಂದರ್ಥ, ಇಳಿಸಿ ಮತ್ತೆ ಅಳೆಯಬೇಕು. ಮಾತು ಇನ್ನೂ ತಗ್ಗಿದ್ದರೆ ಸೆಂಟರನ್ನು 1.5 ಡೆಸಿಬಲ್ ಏರಿಸಿ, ಒಂದು ಸಿನಿಮಾ ನೋಡಿ ನಿರ್ಧರಿಸಿ. ಒಮ್ಮೆಗೇ 5 ಏರಿಸಿದರೆ ಪಾತ್ರ ಪಕ್ಕಕ್ಕೆ ನಡೆದಾಗ ದನಿ ನಡುವೆಯೇ ಅಂಟಿಕೊಂಡಿರುತ್ತದೆ.

ಮೈಕ್ ಅಳತೆಯಿಂದ ಸದ್ದು ತಿದ್ದುವ ಈ ರಿಸೀವರಿನ ತಂತ್ರಾಂಶದ ಹೆಸರು ಆಡಿಸ್ಸಿ. ಅದರ ಡೈನಮಿಕ್ ಇಕ್ಯೂ ಆನ್ ಇಟ್ಟಿದ್ದೇನೆ. ವಾಲ್ಯೂಮ್ ತಗ್ಗಿಸಿದಾಗ ನಮ್ಮ ಕಿವಿ ಬಾಸನ್ನೇ ಮೊದಲು ಕಳೆದುಕೊಳ್ಳುವುದರಿಂದ ಅದು ತುಂಬಿಕೊಡುತ್ತದೆ. ಆದರೆ ಅದರ ಜೊತೆಗಿನ ರೆಫರೆನ್ಸ್ ಲೆವೆಲ್ ಆಫ್‌ಸೆಟ್ (ಆ ತುಂಬಿಕೆಯನ್ನು ಎಷ್ಟು ತಗ್ಗಿಸಬೇಕು ಎಂಬ ಅಂಕಿ) ನೋಡಲೇಬೇಕು. ಸಿನಿಮಾಕ್ಕೆ 0, ಟಿವಿಗೆ 10, ಜೋರಾಗಿಯೇ ಧ್ವನಿಮುದ್ರಿಸಿದ ಚಿತ್ರಗೀತೆಗಳಿಗೆ 15. ಧಾರಾವಾಹಿಯನ್ನು 0ದಲ್ಲಿ ಕೇಳಿದರೆ ಮಾತಿನ ಅಡಿಯಲ್ಲೆಲ್ಲ ಗುಂಗುಟ್ಟುತ್ತದೆ. ಜೋರು ಸದ್ದಿಗೂ ಮೆಲು ಸದ್ದಿಗೂ ಇರುವ ಅಂತರ ತಗ್ಗಿಸುವ ಡೈನಮಿಕ್ ವಾಲ್ಯೂಮ್ ರಾತ್ರಿಗೆ ಮಾತ್ರ.

ಇಷ್ಟೆಲ್ಲ ಮಾಡಿಯೂ ಎಷ್ಟೋ ಮನೆಗಳಲ್ಲಿ ಸರೌಂಡ್ ಸ್ಪೀಕರ್ ಸುಮ್ಮನಿರುತ್ತದೆ, ಏಕೆಂದರೆ ಟಿವಿಯಿಂದ ಬರುತ್ತಿರುವುದೇ ಎರಡು ಚಾನೆಲ್. ರಿಸೀವರಿನ ಎಚ್‌ಡಿಎಂಐ ಔಟಿನಿಂದ ಹೊರಟ ಕೇಬಲ್, ಟಿವಿಯಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ (ಟಿವಿಯ ಸದ್ದನ್ನು ಅದೇ ಕೇಬಲ್ಲಿನಲ್ಲಿ ರಿಸೀವರಿಗೆ ಮರಳಿಸುವ ದಾರಿ) ಎಂದು ಬರೆದ ಕಿಂಡಿಗೇ ಹೋಗಬೇಕು. ರಿಸೀವರಿನ ವಿಡಿಯೊ ಮೆನುವಿನ ಎಚ್‌ಡಿಎಂಐ ಸೆಟಪ್‌ನಲ್ಲಿ ಎಚ್‌ಡಿಎಂಐ ಕಂಟ್ರೋಲ್, ಎಆರ್‌ಸಿ ಎರಡೂ ಆನ್, ಟಿವಿಯಲ್ಲಿಯೂ ಹಾಗೇ. ಆಮೇಲೆ ಟಿವಿಯ ಡಿಜಿಟಲ್ ಸೌಂಡ್ ಔಟ್‌ಪುಟ್: ಪಿಸಿಎಂ ಇದ್ದರೆ ಬದಲಿಸಿ, ಪಾಸ್ ಥ್ರೂ ಅಥವಾ ಆಟೊ ಮಾಡಿ. ಎಆರ್‌ಸಿಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. ಬ್ಲೂ-ರೇಯಲ್ಲಿ ಬರುವ ಡಾಲ್ಬಿ ಟ್ರೂಎಚ್‌ಡಿ ಧ್ವನಿ ಎಆರ್‌ಸಿಯಲ್ಲಿ ಹಾಯುವುದಿಲ್ಲ, ಇಎಆರ್‌ಸಿಯಲ್ಲಿ ಹಾಯುತ್ತದೆ. ಬ್ಲೂ-ರೇ ಪ್ಲೇಯರನ್ನು ರಿಸೀವರಿಗೇ ಸಿಕ್ಕಿಸುವುದು ಸರಳ.

ನಂಬಬೇಕಾದದ್ದು ರಿಮೋಟಿನ ಇನ್ಫೊ ಬಟನ್. 5.1 ಇರುವ ಸಿನಿಮಾ ಓಡುವಾಗ ಅಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಎಂದು ಕಂಡರೆ ಸರಿ, ಪಿಸಿಎಂ ಎಂದು ಕಂಡರೆ ಟಿವಿಯ ಅಥವಾ ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗಿಗೆ ಹಿಂತಿರುಗಿ. ಸ್ಟೀರಿಯೊವೇ ಇರುವ ಕಾರ್ಯಕ್ರಮಕ್ಕೆ ಸೌಂಡ್ ಮೋಡನ್ನು ಡಾಲ್ಬಿ ಸರೌಂಡ್ ಮಾಡಿ. ಎಡಬಲ ಎರಡರಲ್ಲೂ ಸಮನಾಗಿರುವ ಮಾತನ್ನು ಅದು ಸೆಂಟರಿಗೆ ತರುತ್ತದೆ. ಮೋನೊ ಧ್ವನಿಯ ಹಳೆಯ ಕಪ್ಪುಬಿಳುಪು ಕನ್ನಡ ಚಿತ್ರ ಆಗ ಪೂರ್ತಿ ಸೆಂಟರಿನಿಂದಲೇ ಬರುತ್ತದೆ, ಬರಬೇಕಾದದ್ದೂ ಹಾಗೆಯೇ. ಆ ಚಿತ್ರಗಳಿಗೆ ಐದೂ ಸ್ಪೀಕರ್ ಒಟ್ಟಿಗೆ ನುಡಿಸುವ ಮೋಡ್ ಹಾಕಬೇಡಿ, ಹಾಡಿನ ದನಿ ಗುಹೆಯೊಳಗಿನದಾಗುತ್ತದೆ.

ಮಕ್ಕಳಿರುವ ಮನೆಯಲ್ಲಿ ವಾಲ್ಯೂಮ್ ಮೆನುವಿನ ಲಿಮಿಟನ್ನು 70ಕ್ಕೂ, ಪವರ್ ಆನ್ ಲೆವೆಲನ್ನು 35ಕ್ಕೂ ಇಡಿ. ಈ ಅಳತೆಯಲ್ಲಿ 80 ಎಂದರೆ ಚಿತ್ರಮಂದಿರದ ರೆಫರೆನ್ಸ್ ಮಟ್ಟ, ಅಂದರೆ ಒಂದೊಂದು ಚಾನೆಲ್ಲಿನ ಶಿಖರ 105 ಡೆಸಿಬಲ್. ಇಷ್ಟು ಚಿಕ್ಕ ಹಾಲಿನಲ್ಲಿ 60 ದಾಟುವ ಅಗತ್ಯವೇ ಬೀಳುವುದಿಲ್ಲ. ಎಲ್ಲ ಸರಿಯಾದ ದಿನ ಲೆವೆಲ್, ಡಿಸ್ಟೆನ್ಸ್, ಕ್ರಾಸ್‌ಓವರ್ ತೆರೆಗಳ ಫೋಟೊ ಮೊಬೈಲಿನಲ್ಲಿ ತೆಗೆದಿಡಿ.

ಕೊನೆಗೆ ಸಬ್‌ವೂಫರಿನಿಂದ ನಿಲ್ಲದೆ ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ ಸೆಟ್ಟಿಂಗಿನಲ್ಲಿ ಹುಡುಕಬೇಡಿ. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿಯ ವೈರನ್ನು ಬಿಚ್ಚಿ ನೋಡಿ. ಗುಂಯ್ ನಿಂತರೆ, ಬೀದಿಯ ಕೇಬಲ್ಲಿನ ಅರ್ಥಿಗೂ ಮನೆಯ ಅರ್ಥಿಗೂ ನಡುವೆ ಹರಿಯುವ ವಿದ್ಯುತ್ತೇ ಕಾರಣ. ಆ ವೈರಿಗೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ಸಾಕು. ಡಿಶ್ ಇದ್ದವರು ಡಿಶ್ಶಿಗೂ ಬಾಕ್ಸಿಗೂ ನಡುವೆ ಅದನ್ನು ಹಾಕಬಾರದು, ಡಿಶ್ಶಿನ ತಲೆಗೆ ಬಾಕ್ಸಿನಿಂದ ಹೋಗುವ 13 ಅಥವಾ 18 ವೋಲ್ಟ್ ಅಲ್ಲಿಗೇ ನಿಂತು ಚಿತ್ರ ಹೋಗುತ್ತದೆ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಸದ್ದು ನಿಲ್ಲಬಹುದು, ಆದರೆ ಒಳಗೆ ವೈರ್ ಸೋರಿದ ದಿನ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ.